ಅಮ್ಮನ ಸ್ತನ ಕ್ಯಾನ್ಸರಿಗೂ ಮೈತೂಕಕ್ಕೂ ಎಂತ ಸಂಬಂಧ? ತಿಳಿದವರು ದಯವಿಟ್ಟು ಹೇಳಿ

ತೋಟದಮನೆ ಮಗಳು (ತೀರ್ಥಹಳ್ಳಿ ಕಡೆ)
ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಬರೆಯೋದಾ ಬೇಡ್ವಾ ಅಂತ ಯೋಚಿಸ್ತಾ ಇದ್ದೆ. ಇವತ್ತು ಬರೀತಿದ್ದೀನಿ.

ನಮ್ಮಮ್ಮಂಗೆ 61 ವರ್ಷ. ಮುಟ್ಟು ನಿಂತು ಹನ್ನೆರಡು ವರ್ಷ ಆಯ್ತು. ಕಳೆದ ಕೊನೆಕೊಯ್ಲಿನ ಟೈಮಲ್ಲಿ ಸ್ನಾನ ಮಾಡುವಾಗ ಕಂಕುಳ ಹತ್ತಿರ ಗೋಟಡಿಕೆಯಷ್ಟು ಗಾತ್ರದ ಗಂಟು ಕೈಗೆ ಸಿಕ್ಕಿತ್ತಂತೆ. ನೋವಿಲ್ಲ ಅಂತ ಸುಮ್ಮನಿದ್ದಳು. ಆಳು ಸಿಗೋದೇ ಕಷ್ಟ, ಅಡಿಕೆ ಸುಲಿಯೋದು ಮುಗೀಲಿ ಅಂತ ನಾಲ್ಕು ತಿಂಗಳು ಯಾರಿಗೂ ಹೇಳಲಿಲ್ಲ. ಆಮೇಲೆ ಬಯಾಪ್ಸಿ, ಆಪರೇಷನ್ ಎಲ್ಲ ಆಯ್ತು. ರಿಪೋರ್ಟಲ್ಲಿ ಇ.ಆರ್. ಪಾಸಿಟಿವ್, ಪಿ.ಆರ್. ಪಾಸಿಟಿವ್, ಹೆರ್-2 ನೆಗೆಟಿವ್ ಅಂತ ಇದೆ. ಈಗ ದಿನಕ್ಕೊಂದು ಲೆಟ್ರೊಜೋಲ್ ಮಾತ್ರೆ.

ಅಮ್ಮನ ಎತ್ತರ ಐದಡಿ, ತೂಕ 74 ಕಿಲೋ. ಡಾಕ್ಟ್ರು ಹೋದ ಸಲ ಹೇಳಿದ್ರು, "ಅಮ್ಮಾ, ತೂಕ ನಿಧಾನಕ್ಕೆ ಇಳಿಸಬೇಕು, ನಿಮ್ಮ ಕೊಬ್ಬೇ ಹಾರ್ಮೋನ್ ಮಾಡ್ತಿದೆ" ಅಂತ. ಹೊರಗೆ ನಲವತ್ತು ಜನ ಕಾಯ್ತಿದ್ರು, ಹೆಚ್ಚು ಕೇಳೋಕೆ ಆಗಲಿಲ್ಲ. ನನಗೆ ಅರ್ಥ ಆಗದೇ ಇರೋದು ಇದು: ಅಂಡಾಶಯ ಕೆಲಸ ನಿಲ್ಲಿಸಿ ಹನ್ನೆರಡು ವರ್ಷ ಆಗಿದೆ ಅಂದಮೇಲೆ ಹಾರ್ಮೋನ್ ಎಲ್ಲಿಂದ ಬಂತು?

ಇನ್ನೊಂದು ವಿಷಯ. ಮೊನ್ನೆ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇಟ್ಕೊಂಡಿದ್ವಿ. ಊಟಕ್ಕೆ ಕೂತಾಗ ಸೋದರತ್ತೆ ಎಲ್ಲರೆದುರಿಗೇ "ಬೆಣ್ಣೆ ತುಪ್ಪ ತಿಂದೂ ತಿಂದೂ ತಂದ್ಕೊಂಡ್ಳು" ಅಂದ್ರು. ಅವತ್ತಿಂದ ಅಮ್ಮ ಎರಡು ಹೊತ್ತೂ ಬರೀ ಗಂಜಿ ನೀರು ಕುಡೀತಾ ಇದ್ದಾಳೆ. ತಪ್ಪು ಅವಳದ್ದಾ?

ಕಾಗದನಗರ (ಭದ್ರಾವತಿ)
ಭಾನುವಾರ, ರಾತ್ರಿ 10:05

ತಂಗಿ, ಅಮ್ಮ ಬೇಗ ಹುಷಾರಾಗಲಿ. ನಮ್ಮತ್ತೆ ಕಡ್ಡಿ ಹಾಗಿದ್ರು, ಸೀರೆ ಉಟ್ಟರೆ ನೆರಿಗೆ ಎರಡು ಹೆಚ್ಚಿಗೆ ಬರ್ತಿತ್ತು. ಅವರಿಗೂ ಇದೇ ಕಾಯಿಲೆ ಬಂತು. ಹಾಗಾಗಿ ಈ ತೂಕದ ಮಾತನ್ನ ನಾನಂತೂ ಪೂರ್ತಿ ನಂಬಲ್ಲ. ದಪ್ಪ ಇರೋರಿಗೆಲ್ಲ ಬಂದಿದ್ರೆ ನಮ್ಮ ಬೀದಿಯಲ್ಲಿ ಅರ್ಧ ಜನಕ್ಕೆ ಬರಬೇಕಿತ್ತು.

ಸ್ಲೈಡು ನೋಡುವವಳು (ಶಿವಮೊಗ್ಗ)
ಭಾನುವಾರ, ರಾತ್ರಿ 11:20

ನಾನು ಪೆಥಾಲಜಿ ಡಾಕ್ಟರು. ರೋಗಿಗಳ ಮುಖ ನಾನು ಕಾಣೋದು ಅಪರೂಪ, ಅವರ ಅಂಗಾಂಶದ ತುಣುಕನ್ನ ದಿನವೂ ಕಾಣ್ತೀನಿ. ಸ್ವಲ್ಪ ಉದ್ದವಾಗಿಯೇ ಬರೀತೀನಿ, ಯಾಕಂದ್ರೆ ಈ ಪ್ರಶ್ನೆಗೆ ಹೊರರೋಗಿ ವಿಭಾಗದ ಮೂರು ನಿಮಿಷ ಸಾಕಾಗಲ್ಲ.

ಮೊದಲು ಹಾರ್ಮೋನ್ ಎಲ್ಲಿಂದ ಬಂತು ಅನ್ನೋದು. ಮುಟ್ಟು ನಿಂತ ಮೇಲೆ ಅಂಡಾಶಯ ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನ್ ಮಾಡೋದು ಹೆಚ್ಚುಕಡಿಮೆ ನಿಲ್ಲುತ್ತೆ. ಆದರೆ ಮೂತ್ರಪಿಂಡದ ಮೇಲೆ ಟೋಪಿ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿ ಆಂಡ್ರೊಜನ್ ಜಾತಿಯ ಹಾರ್ಮೋನುಗಳನ್ನ ಮಾಡ್ತಾನೇ ಇರುತ್ತೆ. ನಮ್ಮ ಕಡೆ ಆಲೆಮನೆ ನೋಡಿದ್ದೀರಲ್ಲ, ಹಾಗೆ ಯೋಚಿಸಿ. ಆಂಡ್ರೊಜನ್ ಅಂದರೆ ಕಬ್ಬಿನ ಹಾಲು. ಅದು ಜೋನಿಬೆಲ್ಲ ಆಗಬೇಕಾದರೆ ಕೊಪ್ಪರಿಗೆಯಲ್ಲಿ ಕುದಿಯಬೇಕು. ದೇಹದಲ್ಲಿ ಆ ಕೊಪ್ಪರಿಗೆಯ ಕೆಲಸ ಮಾಡೋದು ಅರೋಮಟೇಸ್ ಅನ್ನುವ ಕಿಣ್ವ. ಆಂಡ್ರೊಜನ್ನನ್ನ ಈಸ್ಟ್ರೋಜನ್ ಆಗಿ ಬದಲಾಯಿಸೋದು ಅದೇ. ಮುಟ್ಟು ನಿಂತವರಲ್ಲಿ ಅರೋಮಟೇಸ್ ಅತಿ ಹೆಚ್ಚು ಇರೋದು ಕೊಬ್ಬಿನ ಅಂಗಾಂಶದಲ್ಲಿ, ಅದರಲ್ಲೂ ಇನ್ನೂ ಪೂರ್ತಿ ಬಲಿಯದ ಎಳೆಯ ಕೊಬ್ಬಿನ ಕೋಶಗಳಲ್ಲಿ. ಕೊಬ್ಬು ಹೆಚ್ಚಿದ್ದಷ್ಟೂ ಕೊಪ್ಪರಿಗೆ ಹೆಚ್ಚು.

ಎರಡನೇದು, ಮಾಡಿದ ಈಸ್ಟ್ರೋಜನ್ ಎಲ್ಲವೂ ಕೆಲಸಕ್ಕೆ ಬರೋದಿಲ್ಲ. ಯಕೃತ್ತು ಎಸ್.ಎಚ್.ಬಿ.ಜಿ. ಅನ್ನುವ ಒಂದು ಪ್ರೋಟೀನನ್ನ ರಕ್ತಕ್ಕೆ ಬಿಡುತ್ತೆ. ಅದು ದನಕ್ಕೆ ಹಾಕಿದ ಕಣ್ಣಿ ಇದ್ದಂತೆ, ಈಸ್ಟ್ರೋಜನ್ನನ್ನ ಕಟ್ಟಿಹಾಕುತ್ತೆ. ಮೈತೂಕ ಹೆಚ್ಚಾಗಿ ರಕ್ತದಲ್ಲಿ ಇನ್ಸುಲಿನ್ ಏರಿದಾಗ ಯಕೃತ್ತು ಈ ಕಣ್ಣಿಗಳನ್ನ ಕಡಿಮೆ ಮಾಡುತ್ತೆ. ಬಿಚ್ಚಿದ ದನ ಗದ್ದೆಗೆ ನುಗ್ಗುವ ಹಾಗೆ ಬಿಡಿ ಈಸ್ಟ್ರೋಜನ್ ಸ್ತನದ ಕೋಶಗಳ ಒಳಗೆ ಹೋಗುತ್ತೆ. ಅಂದರೆ ತಯಾರಿಯೂ ಹೆಚ್ಚು, ಅದರಲ್ಲಿ ಬಿಡುವಾಗಿ ಓಡಾಡುವ ಪಾಲೂ ಹೆಚ್ಚು.

ನಿಮ್ಮಮ್ಮನ ರಿಪೋರ್ಟಿನ 'ಇ.ಆರ್. ಪಾಸಿಟಿವ್' ಅಂದರೆ ಆ ಗಡ್ಡೆಯ ಕೋಶಗಳಲ್ಲಿ ಈಸ್ಟ್ರೋಜನ್ ಹಿಡಿಯುವ ಗ್ರಾಹಿ ಇದೆ ಅಂತ. ಈಸ್ಟ್ರೋಜನ್ ಅದಕ್ಕೆ ಅಂಟಿದರೆ ಕೋಶದ ಬೀಜದೊಳಗಿನ ಕೆಲವು ಜೀನುಗಳು ಎಚ್ಚರಾಗಿ 'ಇಬ್ಭಾಗವಾಗು' ಅನ್ನುತ್ತವೆ. ಪಿ.ಆರ್. ಅಂದರೆ ಪ್ರೊಜೆಸ್ಟರೋನ್ ಅನ್ನುವ ಇನ್ನೊಂದು ಹೆಣ್ಣು ಹಾರ್ಮೋನಿನ ಗ್ರಾಹಿ, ಹೆರ್-2 ಅಂದರೆ ಕೋಶಕ್ಕೆ 'ಬೆಳೆ' ಅನ್ನುವ ಬೇರೊಂದು ಗ್ರಾಹಿ. ಲೆಟ್ರೊಜೋಲ್ ಏನು ಮಾಡುತ್ತೆ ಅಂದರೆ ಕೊಪ್ಪರಿಗೆಯ ಕೆಳಗಿನ ಬೆಂಕಿ ಆರಿಸುತ್ತೆ, ಅರೋಮಟೇಸನ್ನ ತಡೆಯುತ್ತೆ. ನಿಮ್ಮ ಡಾಕ್ಟರು ಮಾತ್ರೆ ಕೊಟ್ಟಿದ್ದಕ್ಕೂ ತೂಕದ ಮಾತು ಆಡಿದ್ದಕ್ಕೂ ಕಾರಣ ಒಂದೇ. ತೂಕ ಹೆಚ್ಚಿರುವವರಲ್ಲಿ ಈ ಮಾತ್ರೆ ನುಂಗಿದ ಮೇಲೂ ಈಸ್ಟ್ರೋಜನ್ ಸ್ವಲ್ಪ ಹೆಚ್ಚು ಉಳಿದಿರೋದು ಅಳತೆಗೆ ಸಿಕ್ಕಿದೆ. ಹಾಗಂತ ಮಾತ್ರೆ ಅವರಿಗೆ ಕೆಲಸ ಮಾಡಲ್ಲ ಅಂತಲ್ಲ, ಮಾಡುತ್ತೆ. ಒಂದು ದಿನವೂ ತಪ್ಪಿಸಬೇಡಿ, ನೀವಾಗಿಯೇ ಎರಡು ಕೊಡಲೂ ಬೇಡಿ.

ತಪ್ಪು ಯಾರದ್ದು ಅನ್ನೋ ಪ್ರಶ್ನೆಗೆ ನಾಳೆ ಬರೀತೀನಿ. ಅದಕ್ಕೆ ಸ್ವಲ್ಪ ಲೆಕ್ಕ ಬೇಕು. ಗಂಜಿ ನೀರು ಮಾತ್ರ ಇವತ್ತೇ ನಿಲ್ಲಿಸಿ. ಆಪರೇಷನ್ ಆದ ಮೈ ಅದು.

ತೋಟದಮನೆ ಮಗಳು
ಸೋಮವಾರ, ಬೆಳಿಗ್ಗೆ 6:15

ಡಾಕ್ಟ್ರೇ, ರಾತ್ರಿಯೇ ಓದಿದೆ. ಜೋನಿಬೆಲ್ಲದ ಉದಾಹರಣೆ ಅಮ್ಮಂಗೆ ಹೇಳಿದೆ, ಥಟ್ಟನೆ ಅರ್ಥ ಆಯ್ತು. "ಹಂಗಾರೆ ಈ ಮಾತ್ರೆ ಒಲೆಗೆ ನೀರು ಹೊಯ್ದಂಗೆ" ಅಂದಳು. ಒಂದು ಸಂಶಯ. ಕೊಬ್ಬು ಹೊಟ್ಟೆಯಲ್ಲಿದೆ, ಸೊಂಟದಲ್ಲಿದೆ. ಗಂಟು ಯಾಕೆ ಎದೆಯಲ್ಲಿ?

ಸ್ಲೈಡು ನೋಡುವವಳು
ಸೋಮವಾರ, ಮಧ್ಯಾಹ್ನ 2:30

ಯಾಕಂದರೆ ಸ್ತನದ ಬಹುಪಾಲು ಕೊಬ್ಬೇ. ಹಾಲಿನ ನಾಳಗಳು ಆ ಕೊಬ್ಬಿನ ನಡುವೆ ಬೇರು ಹರಡಿದ ಹಾಗೆ ಹರಡಿರುತ್ತವೆ, ಕ್ಯಾನ್ಸರ್ ಶುರುವಾಗೋದು ಆ ನಾಳಗಳ ಒಳಪದರದ ಕೋಶಗಳಲ್ಲಿ. ಅಂದರೆ ಬೇರಿನ ಪಕ್ಕದಲ್ಲೇ ಕೊಪ್ಪರಿಗೆ. ಮುಟ್ಟು ನಿಂತವರ ಸ್ತನದಲ್ಲಿ ಈಸ್ಟ್ರೋಜನ್ ರಕ್ತದಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರುತ್ತೆ.

ನಾನು ಮೈಕ್ರೋಸ್ಕೋಪಿನಲ್ಲಿ ಕಂಡದ್ದು ಹೇಳ್ತೀನಿ. ಸ್ಲೈಡು ತಯಾರಿಸುವಾಗ ಕೊಬ್ಬು ಕರಗಿ ಹೋಗಿರುತ್ತೆ, ಹಾಗಾಗಿ ಕೊಬ್ಬಿನ ಕೋಶಗಳು ಬಿಳೀ ಬಳೆಗಳನ್ನ ಒತ್ತೊತ್ತಾಗಿ ಜೋಡಿಸಿಟ್ಟ ಹಾಗೆ ಕಾಣ್ತವೆ. ಮೈತೂಕ ಹೆಚ್ಚಿರುವವರಲ್ಲಿ ಆ ಬಳೆಗಳು ದೊಡ್ಡವು. ಕೋಶ ಉಬ್ಬಿ ಉಬ್ಬಿ ಒಂದು ಹಂತ ದಾಟಿದರೆ ರಕ್ತದ ಆಮ್ಲಜನಕ ಅದಕ್ಕೆ ಸಾಲೋದಿಲ್ಲ, ಸಾಯುತ್ತೆ. ಸತ್ತ ಕೋಶದ ಸುತ್ತ ಮ್ಯಾಕ್ರೋಫೇಜ್ ಅನ್ನುವ ಬಿಳಿ ರಕ್ತಕಣಗಳು ಬಂದು ಮುತ್ತುತ್ತವೆ, ಬಿದ್ದ ಹಲಸಿನ ತೊಳೆಗೆ ಇರುವೆ ಮುತ್ತಿದ ಹಾಗೆ. ದುಂಡಗೆ ಸುತ್ತಿಕೊಂಡಿರೋದರಿಂದ ಅದಕ್ಕೆ ಕಿರೀಟದಂಥ ರಚನೆ ಅಂತಲೇ ಹೆಸರು. ಮೊದಲ ಸಲ ನೋಡಿದಾಗ ಅದೆಷ್ಟು ಚಂದ ಅನ್ನಿಸಿತ್ತು, ಅರ್ಥ ಗೊತ್ತಾದ ಮೇಲೆ ಹಾಗೆ ಅನ್ನಿಸಿಲ್ಲ.

ಮುತ್ತಿದ ಕಣಗಳು ಸುಮ್ಮನಿರೋದಿಲ್ಲ. ಟಿ.ಎನ್.ಎಫ್., ಇಂಟರ್‌ಲ್ಯೂಕಿನ್-6, ಪ್ರೊಸ್ಟಗ್ಲಾಂಡಿನ್ ಮುಂತಾದ ಉರಿಯೂತದ ರಾಸಾಯನಿಕಗಳನ್ನ ಬಿಡುತ್ತವೆ. ಜ್ವರ, ಬಾವು ಬಂದಾಗ ಕೆಲಸ ಮಾಡುವವೇ ಇವು. ಇಲ್ಲಿ ಜ್ವರ ಇಲ್ಲ, ನೋವಿಲ್ಲ, ಆದರೆ ವರ್ಷಗಟ್ಟಲೆ ಬೂದಿ ಮುಚ್ಚಿದ ಕೆಂಡದಂತೆ ಒಳಗೇ ಉರಿಯುತ್ತಿರುತ್ತೆ. ಈ ರಾಸಾಯನಿಕಗಳು ಪಕ್ಕದ ಎಳೆಯ ಕೊಬ್ಬಿನ ಕೋಶಗಳಿಗೆ ತಗುಲಿದಾಗ ಅವುಗಳಲ್ಲಿ ಅರೋಮಟೇಸ್ ಇನ್ನೂ ಹೆಚ್ಚುತ್ತೆ. 2011ರಲ್ಲಿ ಇದನ್ನ ಮೊದಲು ಇಲಿಗಳಲ್ಲಿ, ಆಮೇಲೆ ಹೆಂಗಸರ ಸ್ತನದ ಅಂಗಾಂಶದಲ್ಲೂ ತೋರಿಸಿದರು. ಕೊಬ್ಬು ಹೆಚ್ಚಾದದ್ದು ಒಂದು ಸಂಗತಿ, ಆ ಕೊಬ್ಬು ಕೆರಳಿದ್ದು ಇನ್ನೊಂದು. ಎರಡೂ ಸೇರಿದಾಗ ಗಡ್ಡೆಗೆ ಅನುಕೂಲ.

ಟೇಪು ಹಿಡಿದವಳು (ಹೊಸನಗರ)
ಸೋಮವಾರ, ರಾತ್ರಿ 8:50

ನಾನು ಆಶಾ ಕಾರ್ಯಕರ್ತೆ. ಮಂಗನ ಕಾಯಿಲೆ ಸೀಸನ್ನಲ್ಲಿ ಕಾಡಂಚಿನ ಮನೆಗಳಿಗೆ ಉಣುಗಿಗೆ ಹಚ್ಚೋ ಎಣ್ಣೆ ಕೊಡೋಕೆ ಹೋಗ್ತೀವಲ್ಲ, ಆಗಲೇ ಮೂವತ್ತು ದಾಟಿದವರ ಫಾರಂ ಕೂಡ ತುಂಬ್ತೀವಿ. ಅದರಲ್ಲಿ ಸೊಂಟದ ಅಳತೆಗೊಂದು ಕಾಲಂ ಇದೆ. ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಒಂದು ಅಂಕ, 90 ದಾಟಿದರೆ ಎರಡು. ಸ್ತನದಲ್ಲಿ ಗಂಟು ಇದೆಯಾ, ತೊಟ್ಟಿಂದ ರಕ್ತ ಬಂದಿದೆಯಾ, ಆಕಾರ ಬದಲಾಗಿದೆಯಾ ಅಂತಲೂ ಕೇಳಬೇಕು.

ಟೇಪು ತೆಗೆದ ಕೂಡಲೇ ಹೆಂಗಸರು ನಗ್ತಾರೆ, ಆಮೇಲೆ ಹೊಟ್ಟೆ ಒಳಗೆ ಎಳ್ಕೊಳ್ತಾರೆ. ಗಂಟಿನ ಪ್ರಶ್ನೆ ಕೇಳಿದರೆ ಅಡಿಗೆ ಮನೆ ಕಡೆ ನೋಡ್ತಾರೆ, ಅತ್ತೆ ಇದ್ದಾರಾ ಅಂತ. ಇಷ್ಟು ವರ್ಷ ನಾನು ಆ ಸೊಂಟದ ಕಾಲಂ ಬರೀ ಶುಗರು ಬಿ.ಪಿ.ಗೆ ಅಂದ್ಕೊಂಡಿದ್ದೆ. ಡಾಕ್ಟರಮ್ಮ ಬರೆದದ್ದು ಓದಿದ ಮೇಲೆ ಗೊತ್ತಾಯ್ತು, ಆ ಟೇಪು ಮತ್ತು ಆ ಗಂಟಿನ ಪ್ರಶ್ನೆ ಒಂದೇ ಹಾಳೆಯಲ್ಲಿ ಇರೋದು ಸರಿಯಾಗೇ ಇದೆ.

ಕಾಗದನಗರದ ಅಕ್ಕ ಹೇಳಿದ ಹಾಗೆ ಸಪೂರ ಇದ್ದವರಿಗೂ ಬರೋದನ್ನ ನಾನೂ ನೋಡಿದ್ದೀನಿ. ಅದು ಹೇಗೆ ಅಂತ ಯಾರಾದ್ರೂ ಹೇಳಿ.

ನಿವೃತ್ತ ಮೇಷ್ಟ್ರು (ಸಾಗರ)
ಸೋಮವಾರ, ರಾತ್ರಿ 10:10

ಮೂವತ್ತೊಂದು ವರ್ಷ ಜೀವಶಾಸ್ತ್ರ ಪಾಠ ಮಾಡಿದ್ದೇನೆ. ವೈದ್ಯನಲ್ಲ, ಆದರೆ ಈ ವಿಷಯವನ್ನು ಬಿಡದೆ ಓದಿಕೊಂಡು ಬಂದಿದ್ದೇನೆ. ಕಾರಣ ಮನೆಯೊಳಗಿನದೇ, ಅದಿರಲಿ.

ಸಪೂರದ ಪ್ರಶ್ನೆಗೆ ಎರಡು ಉತ್ತರ. ಮೊದಲನೆಯದು ಸರಳ. ಸ್ತನ ಕ್ಯಾನ್ಸರಿಗೆ ಕಾರಣ ಒಂದಲ್ಲ. ವಯಸ್ಸು, ಅನುವಂಶೀಯವಾಗಿ ಬಂದ ಬಿ.ಆರ್.ಸಿ.ಎ. ಜೀನಿನ ದೋಷ, ಬೇಗ ಮೈನೆರೆದದ್ದು, ತಡವಾಗಿ ಮುಟ್ಟು ನಿಂತದ್ದು, ಹಾಲೂಡಿಸದಿರುವುದು, ಮದ್ಯ, ಹೀಗೆ ಹಲವು. ಯಾವ ಕಾರಣವೂ ಕಾಣದೆಯೂ ಬರುತ್ತದೆ. ತೂಕ ಇವುಗಳಲ್ಲಿ ಒಂದು.

ಎರಡನೆಯ ಉತ್ತರ ನಮ್ಮ ದೇಶದವರು ತಿಳಿಯಬೇಕಾದದ್ದು. ಸಪೂರವಾಗಿ ಕಂಡ ಮಾತ್ರಕ್ಕೆ ಕೊಬ್ಬು ಕಡಿಮೆ ಎಂದಲ್ಲ. ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮದೇ ಫೋಟೋ ಹಾಕಿಕೊಂಡರು. ಇಬ್ಬರ ಬಿ.ಎಂ.ಐ.ಯೂ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಂಕವೂ, 22.3. ಯುಡ್ಕಿನ್ ಅವರ ದೇಹದಲ್ಲಿ ಕೊಬ್ಬು ಶೇ. 9.1, ಯಾಜ್ಞಿಕರ ದೇಹದಲ್ಲಿ ಶೇ. 21.2. ನಮ್ಮವರ ಕೊಬ್ಬು ಹೊಟ್ಟೆಯ ಸುತ್ತ ಕೂರುತ್ತದೆ, ತಕ್ಕಡಿಗೆ ಅದು ಗೊತ್ತಾಗುವುದಿಲ್ಲ. ಅದಕ್ಕೇ ಬೇರೆ ದೇಶಗಳಲ್ಲಿ ಬೊಜ್ಜಿನ ಗೆರೆ ಬಿ.ಎಂ.ಐ. 30 ಇದ್ದರೆ ನಮ್ಮಲ್ಲಿ 25ಕ್ಕೇ ಎಳೆಯುತ್ತಾರೆ. ಆಶಾ ತಾಯಿಯ ಟೇಪು ತಕ್ಕಡಿಗಿಂತ ಹೆಚ್ಚು ಹೇಳುವುದು ಇದರಿಂದಲೇ. ಅಮೆರಿಕದಲ್ಲಿ ಬಿ.ಎಂ.ಐ. ಸಹಜವಾಗಿಯೇ ಇದ್ದ, ಮುಟ್ಟು ನಿಂತ ಹೆಂಗಸರ ಮೈಕೊಬ್ಬನ್ನು ಸ್ಕ್ಯಾನಿನಲ್ಲಿ ಅಳೆದು ವರ್ಷಗಟ್ಟಲೆ ಹಿಂಬಾಲಿಸಿದಾಗ, ಕೊಬ್ಬು ಅತಿ ಹೆಚ್ಚಿದ್ದ ಕಾಲುಭಾಗದವರಲ್ಲಿ ಅತಿ ಕಡಿಮೆ ಇದ್ದವರಿಗಿಂತ ಇ.ಆರ್. ಪಾಸಿಟಿವ್ ಕ್ಯಾನ್ಸರ್ ಸುಮಾರು ಎರಡು ಪಟ್ಟು ಕಂಡಿತು.

ಡಾಕ್ಟರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ನಾನು ಪಾಠ ಶುರುಮಾಡಿದಾಗ ಪುಸ್ತಕದಲ್ಲಿ ಕೊಬ್ಬೆಂದರೆ ಕಣಜ, ಅಷ್ಟೇ. 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ಅವರ ಪ್ರಯೋಗಾಲಯ ಲೆಪ್ಟಿನ್ ಕಂಡುಹಿಡಿದ ಮೇಲೆ ಪಾಠವನ್ನೇ ಬದಲಾಯಿಸಬೇಕಾಯಿತು. ಕೊಬ್ಬಿನ ಕೋಶ ತಾನೇ ಹಾರ್ಮೋನ್ ಮಾಡಿ ಮಿದುಳಿಗೆ ಸುದ್ದಿ ಕಳಿಸುವ ಗ್ರಂಥಿ ಎಂದಾಯಿತು. ಕೊಬ್ಬು ಹೆಚ್ಚಿದರೆ ಲೆಪ್ಟಿನ್ ಏರುತ್ತದೆ, ಅಡಿಪೊನೆಕ್ಟಿನ್ ಎಂಬ ಇನ್ನೊಂದು ಹಾರ್ಮೋನ್ ಇಳಿಯುತ್ತದೆ. ಸ್ತನ ಕ್ಯಾನ್ಸರ್ ಕೋಶಗಳ ಮೇಲೂ ಲೆಪ್ಟಿನ್ ಗ್ರಾಹಿಗಳಿವೆ, ಲೆಪ್ಟಿನ್ ತಗುಲಿದರೆ ಅವು ಬೆಳೆಯುತ್ತವೆ. ಅಡಿಪೊನೆಕ್ಟಿನ್ ಬೆಳವಣಿಗೆಗೆ ಕಡಿವಾಣ. ತಳ್ಳುವ ಕೈ ಬಲವಾಗಿ, ಹಿಡಿಯುವ ಕೈ ಸೋತಂತಾಯಿತು. ಇದರ ಮೇಲೆ ಇನ್ಸುಲಿನ್. ಮೈ ಇನ್ಸುಲಿನ್ನಿಗೆ ಬಗ್ಗದಾದಾಗ ಮೇದೋಜೀರಕ ಇನ್ನಷ್ಟು ಸುರಿಯುತ್ತದೆ. ಸಕ್ಕರೆಯ ವಿಷಯದಲ್ಲಿ ಮಾತ್ರ ಕೋಶ ಕಿವುಡು, 'ಬೆಳೆ, ಇಬ್ಭಾಗವಾಗು' ಎಂಬ ಆಜ್ಞೆ ಅದಕ್ಕೆ ಚೆನ್ನಾಗಿಯೇ ಕೇಳಿಸುತ್ತದೆ.

ಕಾಗದನಗರ
ಸೋಮವಾರ, ರಾತ್ರಿ 10:40

ಮೇಷ್ಟ್ರೇ, ಒಪ್ಪಿದೆ. ಅತ್ತೆಗೆ ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಇತ್ತು. ನೆರಿಗೆ ಲೆಕ್ಕ ಹಾಕ್ತಿದ್ದ ನಾನು ಅದನ್ನ ಗಮನಿಸಿರಲಿಲ್ಲ.

ಶಿಕಾರಿಪುರದವನು
ಮಂಗಳವಾರ, ಮಧ್ಯಾಹ್ನ 12:15

ಇಲ್ಲಿ ಗಂಡಸರು ಬರೆಯಬಹುದು ಅಂದ್ಕೊಂಡಿದ್ದೀನಿ. ನನ್ನ ಹೆಂಡತಿಗೆ 38 ವರ್ಷ, ಮುಟ್ಟು ಇನ್ನೂ ಇದೆ. ಅವಳದ್ದು ಟ್ರಿಪಲ್ ನೆಗೆಟಿವ್, ಅಂದ್ರೆ ಇ.ಆರ್., ಪಿ.ಆರ್., ಹೆರ್-2 ಮೂರೂ ನೆಗೆಟಿವ್ ಅಂದಿದ್ದಾರೆ. ಹಾಗಂದ್ರೆ ಈಸ್ಟ್ರೋಜನ್ ಗ್ರಾಹಿಯೇ ಇಲ್ಲ ಅಲ್ವಾ? ಎರಡನೇ ಮಗು ಆದ ಮೇಲೆ ಅವಳು ದಪ್ಪ ಆಗಿದ್ದಾಳೆ. ಈಗ ಕೀಮೋ ಶುರು. ತೂಕ ಇಳಿಸಬೇಕು ಅಂತ ಅವಳೇ ರಾತ್ರಿ ಊಟ ಬಿಡ್ತೀನಿ ಅಂತಿದ್ದಾಳೆ. ಎಂತ ಮಾಡಲಿ?

ಸ್ಲೈಡು ನೋಡುವವಳು
ಮಂಗಳವಾರ, ಸಂಜೆ 5:45

ಅಣ್ಣಾ, ಬರೆದದ್ದು ಒಳ್ಳೇದಾಯ್ತು. ಮೊದಲು ಊಟದ ವಿಷಯ: ಕೀಮೋ ನಡೆಯುವಾಗ ಊಟ ಬಿಡೋದು ಬೇಡವೇ ಬೇಡ. ಬಿಳಿ ರಕ್ತಕಣ ಇಳಿಯುತ್ತೆ, ಸ್ನಾಯು ಕರಗುತ್ತೆ, ಮುಂದಿನ ಡೋಸು ಮುಂದಕ್ಕೆ ಹೋಗಬಹುದು. ಈಗಿನ ಗುರಿ ತೂಕ ಇಳಿಸೋದಲ್ಲ, ಶಕ್ತಿ ಉಳಿಸಿಕೊಳ್ಳೋದು.

ನೀವು ಕೇಳಿದ್ದು ಬಹಳ ಮುಖ್ಯ, ಯಾಕಂದರೆ ಮುಟ್ಟು ಇರುವವರಲ್ಲಿ ಕಥೆ ಬೇರೆ. ಅವರಲ್ಲಿ ಈಸ್ಟ್ರೋಜನ್ನಿನ ದೊಡ್ಡ ಪಾಲು ಅಂಡಾಶಯದ್ದೇ, ಕೊಬ್ಬಿನದ್ದು ಅದರ ಮುಂದೆ ಚಿಲ್ಲರೆ. ದೊಡ್ಡ ದೊಡ್ಡ ಅಧ್ಯಯನಗಳಲ್ಲಿ ಮುಟ್ಟು ನಿಲ್ಲುವ ಮುಂಚೆ ತೂಕ ಹೆಚ್ಚಿದ್ದವರಿಗೆ ಸ್ತನ ಕ್ಯಾನ್ಸರ್ ಒಟ್ಟಾರೆ ಸ್ವಲ್ಪ ಕಡಿಮೆಯೇ ಕಂಡಿದೆ. ಓದಿದವರಿಗೆ ಇದು ವಿಚಿತ್ರ ಅನ್ನಿಸುತ್ತೆ, ಆದರೆ ನಿಜ. ಹಾಗಾಗಿ ನಿಮ್ಮ ಹೆಂಡತಿಗೆ ಯಾರಾದರೂ "ದಪ್ಪ ಆದೆ, ಅದಕ್ಕೇ ಬಂತು" ಅಂದರೆ ಆ ಮಾತಿಗೆ ಆಧಾರ ಇಲ್ಲ.

ಕಾಯಿಲೆ ಬಂದ ಮೇಲಿನ ದಾರಿಯಲ್ಲಿ ಮಾತ್ರ ತೂಕ ಯಾವ ವಯಸ್ಸಿನಲ್ಲೂ ಲೆಕ್ಕಕ್ಕೆ ಬರುತ್ತೆ. ಈಸ್ಟ್ರೋಜನ್ ಬಾಗಿಲು ಇಲ್ಲದ ಗಡ್ಡೆಗೂ ಇನ್ಸುಲಿನ್, ಲೆಪ್ಟಿನ್, ಉರಿಯೂತದ ಬಾಗಿಲುಗಳು ತೆರೆದೇ ಇರುತ್ತವೆ. ಗಡ್ಡೆಯ ಅಂಚಿನಲ್ಲಿರುವ ಕೊಬ್ಬಿನ ಕೋಶಗಳನ್ನ ಕ್ಯಾನ್ಸರ್ ಕೋಶಗಳು ಹಿಂಡಿ ಕೊಬ್ಬಿನಾಮ್ಲ ತೆಗೆದುಕೊಂಡು ಉರುವಲು ಮಾಡಿಕೊಳ್ಳುತ್ತವೆ. ಸ್ಲೈಡಿನಲ್ಲಿ ಅಂಚಿನ ಕೋಶಗಳು ಸಣ್ಣಗೆ ಸೊರಗಿರೋದು ಕಣ್ಣಿಗೇ ಕಾಣುತ್ತೆ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೊಬ್ಬಿನ ಆಹಾರ ತಿಂದು ದಪ್ಪಗಾದ ಇಲಿಗಳ ಗಡ್ಡೆಯೊಳಗೆ ಕ್ಯಾನ್ಸರ್ ಕೋಶಗಳೇ ಕೊಬ್ಬಿನಾಮ್ಲವನ್ನ ಬಾಚಿಕೊಂಡು, ಅವನ್ನ ಕೊಲ್ಲಬೇಕಿದ್ದ ಸಿ.ಡಿ.-8 ಅನ್ನುವ ಬಿಳಿ ರಕ್ತಕಣಗಳು ಉಪವಾಸ ಬಿದ್ದು ಸೋತದ್ದು ಕಂಡಿತು. ಅದು ಇಲಿಯ ಮಾತು, ಮನುಷ್ಯರಿಗೆ ಹಾಗೇ ಅನ್ವಯಿಸಬೇಡಿ. ಆದರೆ ದಾರಿ ಯಾವ ಕಡೆ ಅಂತ ತೋರಿಸುತ್ತೆ.

ಇನ್ನೊಂದು, ಡೋಸು. ಹಿಂದೆ ದಪ್ಪ ಇರುವವರಿಗೆ ತಡೆಯಲಿಕ್ಕಿಲ್ಲ ಅಂತ ಕೀಮೋ ಕಡಿಮೆ ಮಾಡಿ ಕೊಡುವ ರೂಢಿ ಇತ್ತು, ಅದರಿಂದ ಫಲಿತಾಂಶ ಕೆಟ್ಟಿದ್ದೂ ಇದೆ. ನಿಜವಾದ ತೂಕಕ್ಕೆ ತಕ್ಕ ಪೂರ್ತಿ ಡೋಸೇ ಕೊಡಬೇಕು ಅಂತ ಅಮೆರಿಕದ ಕ್ಲಿನಿಕಲ್ ಆಂಕಾಲಜಿ ಸೊಸೈಟಿ 2012ರಲ್ಲೇ ಮಾರ್ಗಸೂಚಿ ಬರೆಯಿತು. ಡಾಕ್ಟರ ಹತ್ತಿರ ಇದನ್ನ ಕೇಳೋದು ಅವಿನಯ ಅಲ್ಲ.

ಹೊಳೆಯಾಚೆ (ಸೊರಬ)
ಮಂಗಳವಾರ, ರಾತ್ರಿ 9:30

ಶಿಕಾರಿಪುರದ ತಮ್ಮಾ, ನಾನು ಈ ದಾರಿ ನಡೆದು ಬಂದವಳು. ಆರು ವರ್ಷ ಆಯ್ತು. ಬೆಂಗಳೂರಿನ ಕಿದ್ವಾಯಿಗೆ ರಾತ್ರಿ ಬಸ್ಸಲ್ಲಿ ಹೋಗಿ ಬೆಳಿಗ್ಗೆ ಚೀಟಿ ಮಾಡ್ಸಿ, ಮರುದಿನ ವಾಪಸ್ ಬರ್ತಿದ್ದೆ. ಎಲ್ಲರೂ ಕ್ಯಾನ್ಸರ್ ಅಂದ್ರೆ ಸೊರಗಿ ಹೋಗ್ತಾರೆ ಅಂದ್ಕೊಳ್ತಾರೆ. ನಾನು ಚಿಕಿತ್ಸೆ ಮುಗಿಸೋ ಹೊತ್ತಿಗೆ ಒಂಬತ್ತು ಕಿಲೋ ಏರಿದ್ದೆ! ವಾಂತಿ ಆಗದೇ ಇರಲಿ ಅಂತ ಕೊಡೋ ಸ್ಟಿರಾಯ್ಡಿಗೆ ವಿಪರೀತ ಹಸಿವು, ಸುಸ್ತಿಗೆ ಮಲಗಿದ್ದೇ ಮಲಗಿದ್ದು, ಕೀಮೋಗೆ ಮುಟ್ಟೂ ನಿಂತೋಯ್ತು. ನೋಡೋಕೆ ಬಂದವರು "ದುಂಡಗಾಗಿದ್ದೀಯಲ್ಲ, ಏನೂ ಆಗಿಲ್ಲ ಬಿಡು" ಅಂದಾಗ ಅಳು ಬರ್ತಿತ್ತು.

ತೂಕ ಏರಿದ್ದರಿಂದ ನನಗೆ ಮೊದಲು ತೊಂದರೆ ಆದದ್ದು ಕೈಗೆ. ಕಂಕುಳಲ್ಲಿರೋ ಲಿಂಫ್ ಗ್ರಂಥಿಗಳನ್ನ ತೆಗೆದಿದ್ದರು, ಎಡಗೈ ಬಾತು ಬಳೆ ಏರುತ್ತಿರಲಿಲ್ಲ. ತೂಕ ಹೆಚ್ಚಿದ್ದವರಿಗೆ ಈ ಬಾವು ಬರೋ ಸಂಭವ ಜಾಸ್ತಿ ಅಂತ ಫಿಸಿಯೋಥೆರಪಿಯವರು ಹೇಳಿದರು. ಎರಡನೇದು ಲೆಟ್ರೊಜೋಲಿನ ಕೀಲುನೋವು. ಬೆಳಿಗ್ಗೆ ಎದ್ದರೆ ಬೆರಳು ಮಡಚೋಕೆ ಆಗ್ತಿರಲಿಲ್ಲ, ಮಾತ್ರೆ ಬಿಟ್ಟೇಬಿಡೋಣ ಅನ್ನಿಸಿತ್ತು. ನನ್ನ ಡಾಕ್ಟ್ರು "ಬಿಡಬೇಡಿ, ನಡೀರಿ" ಅಂದ್ರು. ನೋವಿದ್ದಾಗ ನಡಿ ಅಂತಾರಲ್ಲ ಅಂತ ಸಿಟ್ಟು ಬಂತು. ಮನೆಯಿಂದ ಸಂಕದ ತನಕ, ಆಮೇಲೆ ಸಂಕ ದಾಟಿ ದೇವಸ್ಥಾನದ ತನಕ ಅಂತ ಹೆಚ್ಚಿಸ್ತಾ ಹೋದೆ. ಎರಡು ತಿಂಗಳಿಗೆ ಬೆರಳು ಮಡಚಿತು. ಇದು ನನ್ನೊಬ್ಬಳ ಭ್ರಮೆ ಅಲ್ಲವಂತೆ, ವ್ಯಾಯಾಮದಿಂದ ಈ ಮಾತ್ರೆಯ ಕೀಲುನೋವು ಇಳಿಯೋದನ್ನ ಅಧ್ಯಯನ ಮಾಡಿ ತೋರಿಸಿದ್ದಾರೆ. ಈ ಮಾತ್ರೆ ಮೂಳೆಯನ್ನೂ ಸವೆಸುತ್ತೆ, ತೋಟದಮನೆ ತಂಗಿ, ಅಮ್ಮಂಗೆ ಮೂಳೆ ಸ್ಕ್ಯಾನ್ ಆಗಿದೆಯಾ ಕೇಳು.

ಹಸಿರುವಾಣಿ
ಮಂಗಳವಾರ, ರಾತ್ರಿ 11:00

ನಮ್ಮ ಕಡೆ ಒಬ್ಬರು ಬೇರಿನ ಕಷಾಯ ಕೊಡ್ತಾರೆ. 40 ದಿನ ಅನ್ನ, ಹಾಲು, ಎಣ್ಣೆ ಎಲ್ಲ ಬಿಟ್ಟು ಕಷಾಯ ಮತ್ತು ಹಣ್ಣು ಮಾತ್ರ. ಗಂಟು ಉಪವಾಸ ಬಿದ್ದು ಕರಗುತ್ತೆ ಅಂತಾರೆ. ಪ್ರಯತ್ನಿಸಬಹುದು.

ಅಡುಗೆಮನೆ ಲೆಕ್ಕ (ಶಿವಮೊಗ್ಗ)
ಬುಧವಾರ, ಬೆಳಿಗ್ಗೆ 7:20

ನಾನು ಆಹಾರತಜ್ಞೆ. ಹಸಿರುವಾಣಿಯವರೇ, ನಿಮ್ಮ ಕಾಳಜಿ ಅರ್ಥ ಆಗುತ್ತೆ, ಆದರೆ ಇದನ್ನ ದಯವಿಟ್ಟು ಯಾರಿಗೂ ಹೇಳಬೇಡಿ. ಉಪವಾಸಕ್ಕೆ ಕೊಬ್ಬಿನ ಜೊತೆ ತೊಡೆ ತೋಳಿನ ಸ್ನಾಯುವೂ ಕರಗುತ್ತೆ. ಗಡ್ಡೆ ತನಗೆ ಬೇಕಾದದ್ದನ್ನ ಮೈಯಿಂದ ಕಿತ್ತುಕೊಳ್ಳುತ್ತೆ, ಈಗಷ್ಟೇ ಡಾಕ್ಟರು ಬರೆದದ್ದು ಅದೇ. ಆ ನಲವತ್ತು ದಿನ ಚಿಕಿತ್ಸೆ ತಪ್ಪಿದರೆ ಕಳೆದ ಸಮಯ ವಾಪಸ್ ಸಿಗಲ್ಲ. ಕುಡಿಯುತ್ತಿರುವ ಯಾವ ಕಷಾಯವೇ ಇರಲಿ, ಡಾಕ್ಟರಿಗೆ ಮುಚ್ಚಿಡದೆ ಹೇಳಿ.

ತೋಟದಮನೆಯವರಿಗೆ: ಅಮ್ಮನ ಊಟದಲ್ಲಿ ಕಡಿಮೆ ಆಗಬೇಕಾದದ್ದು ತುಪ್ಪದ ಒಂದು ಚಮಚಕ್ಕಿಂತ ಹೆಚ್ಚಾಗಿ ಅನ್ನದ ರಾಶಿ. ಮಲೆನಾಡಿನಲ್ಲಿ ಬೆಳಿಗ್ಗೆ ಕಡುಬು ಅಥವಾ ಅಕ್ಕಿರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ. ನಡುನಡುವೆ ಬೆಲ್ಲದ ಕಾಫಿ. ಬೇಳೆ ಕಾಳು ಹುಳಿಯಲ್ಲಿ ತೇಲಿದ್ದಷ್ಟೇ. ಅನ್ನ ಅರ್ಧ ಮಾಡಿ, ಹುರುಳಿ, ಅಲಸಂದೆ, ಹೆಸರುಕಾಳಿನ ಪಲ್ಯ ಬಟ್ಟಲು ತುಂಬಾ ಇಡಿ. ಮೀನು ಮೊಟ್ಟೆ ತಿನ್ನುವವರಾದರೆ ಇನ್ನೂ ಸುಲಭ. ಒಂದೆಲಗದ ತಂಬುಳಿ, ಕೆಸುವಿನ ಸೊಪ್ಪು, ಬಾಳೆದಿಂಡು, ಬಾಳೆಹೂವು ಎಲ್ಲ ಹಿತ್ತಲಲ್ಲೇ ಇವೆಯಲ್ಲ. ತಿಂಗಳಿಗೆ ಒಂದು, ಒಂದೂವರೆ ಕಿಲೋ ಇಳಿದರೆ ಧಾರಾಳ ಆಯ್ತು.

ಸ್ಲೈಡು ನೋಡುವವಳು
ಬುಧವಾರ, ರಾತ್ರಿ 10:30

ತಪ್ಪಿನ ಲೆಕ್ಕ ಬಾಕಿ ಇತ್ತು.

2008ರಲ್ಲಿ ಲ್ಯಾನ್ಸೆಟ್ಟಿನಲ್ಲಿ ಬಂದ ಒಂದು ಒಟ್ಟುಗೂಡಿಸಿದ ವಿಶ್ಲೇಷಣೆ ಪ್ರಕಾರ ಬಿ.ಎಂ.ಐ. ಐದು ಅಂಕ ಏರಿದರೆ ಮುಟ್ಟು ನಿಂತವರಲ್ಲಿ ಸ್ತನ ಕ್ಯಾನ್ಸರಿನ ಅಪಾಯ ಶೇ. 12 ಏರುತ್ತೆ. ನೂರರಲ್ಲಿ 12 ಜನಕ್ಕೆ ಬರುತ್ತೆ ಅಂತ ಇದರ ಅರ್ಥ ಅಲ್ಲ. ಲೆಕ್ಕಕ್ಕೆ ಇಟ್ಟುಕೊಳ್ಳಿ: ಒಂದು ಊರಿನ ಸಾವಿರ ಹೆಂಗಸರಲ್ಲಿ 30 ಜನಕ್ಕೆ ಬರುವುದಿತ್ತು ಅಂತ. ಅವರೆಲ್ಲರ ಬಿ.ಎಂ.ಐ. ಐದು ಅಂಕ ಏರಿದರೆ 33 ಅಥವಾ 34 ಜನಕ್ಕೆ ಬರುತ್ತೆ. ಹೆಚ್ಚಿಗೆ ಬಂದ ಆ ಮೂರ್ನಾಲ್ಕು ಜನ ಯಾರು ಅಂತ ಯಾವ ಮೈಕ್ರೋಸ್ಕೋಪೂ ಹೇಳಲಾರದು. ಇಡೀ ದೇಶಕ್ಕೆ ಆ ಸಂಖ್ಯೆ ದೊಡ್ಡದು, ನೀತಿ ಮಾಡುವವರು ಗಂಭೀರವಾಗಿ ತಗೊಳ್ಳಬೇಕು. ನಿಮ್ಮಮ್ಮನ ಕಡೆ ಬೆರಳು ತೋರಿಸೋಕೆ ಮಾತ್ರ ಅದು ಸಾಕ್ಷಿ ಆಗಲ್ಲ. ನಾಳೆ ಪೂಜೆಗೋ ಮದುವೆಗೋ ಹೋದಾಗ ಸೋದರತ್ತೆ ಮತ್ತೆ ಅಂದರೆ ಈ ಮಾತು ಹೇಳಿ.

ಟೇಪು ಹಿಡಿದವಳು
ಬುಧವಾರ, ರಾತ್ರಿ 10:55

ಡಾಕ್ಟರಮ್ಮ, ಕೈ ಮುಗಿದೆ. ನಾನೂ ಒಂದು ಹೇಳ್ಬೇಕು. ನಮ್ಮ ಹೆಂಗಸರು ದಪ್ಪ ಆದದ್ದು ಸೋಮಾರಿತನಕ್ಕಲ್ಲ. ಮೊದಲು ನೀರು ಹೊರೋದು, ಸೊಪ್ಪು ತರೋದು, ಗದ್ದೆ ನಾಟಿ, ಅಕ್ಕಿ ಕುಟ್ಟೋದು ಇತ್ತು. ಈಗ ಗದ್ದೆಯೂ ಅಡಿಕೆ ತೋಟ ಆಗಿದೆ. ಕೆಲಸ ಕಡಿಮೆ ಆಗಿಲ್ಲ, ಕೂತು ಮಾಡೋ ಕೆಲಸ ಆಗಿದೆ. ಸುಲಿಯೋ ಕಾಲದಲ್ಲಿ ಮೆಟ್ಟುಗತ್ತಿ ಮುಂದೆ ರಾತ್ರಿ ಹನ್ನೊಂದರ ತನಕ ಕೂತಿರ್ತಾರೆ. ಎಲ್ಲರೂ ಉಂಡ ಮೇಲೆ ಉಳಿದ ಅನ್ನ ಚೆಲ್ಲೋಕೆ ಮನಸ್ಸು ಬಾರದೆ ಅದನ್ನೂ ಇವರೇ ಉಣ್ತಾರೆ. ನಮ್ಮ ರಾಜ್ಯದಲ್ಲಿ ನೂರಕ್ಕೆ 30 ಹೆಂಗಸರ ತೂಕ ಹೆಚ್ಚು ಅಂತ 2019-21ರ ಸರ್ವೆಯಲ್ಲಿ ಬಂದಿದೆ ಅಂತ ನಮಗೆ ಟ್ರೈನಿಂಗಲ್ಲಿ ಹೇಳಿದ್ರು. ಅಷ್ಟು ಜನ ಒಟ್ಟಿಗೆ ತಪ್ಪು ಮಾಡೋಕೆ ಸಾಧ್ಯ ಇದೆಯಾ?

ಒಂದು ಪ್ರಶ್ನೆ. ದಪ್ಪ ಇರೋರಿಗೆ ಕೈಯಲ್ಲಿ ಮುಟ್ಟಿ ನೋಡಿದ್ರೆ ಗಂಟು ಸಿಗುತ್ತಾ?

ಸ್ಲೈಡು ನೋಡುವವಳು
ಗುರುವಾರ, ಬೆಳಿಗ್ಗೆ 8:10

ಸಣ್ಣ ಗಂಟು ಆಳದಲ್ಲಿದ್ದರೆ ಸಿಗೋದು ಕಷ್ಟ, ನಿಧಾನಕ್ಕೆ, ಬೆರಳ ಒಳಮೈಯಿಂದ ಒತ್ತಿ ನೋಡಬೇಕು. ಮ್ಯಾಮೊಗ್ರಾಂ ಅಂದರೆ ಸ್ತನದ ಎಕ್ಸ್-ರೇ, ಅದರಲ್ಲಿ ಉಲ್ಟಾ: ಕೊಬ್ಬು ಕಪ್ಪಗೆ ಕಾಣುತ್ತೆ, ಗಡ್ಡೆ ಬೆಳ್ಳಗೆ, ಹಾಗಾಗಿ ಕೊಬ್ಬಿನ ಸ್ತನದಲ್ಲೇ ಚೆನ್ನಾಗಿ ಎದ್ದು ಕಾಣುತ್ತೆ. ಮುಟ್ಟಿ ನೋಡೋದನ್ನ ಹಗುರ ಮಾಡಬೇಡಿ. ಮುಂಬೈಯ ಟಾಟಾ ಮೆಮೋರಿಯಲ್‌ನವರು 1998ರಿಂದ 20 ವರ್ಷ ಹಿಂಬಾಲಿಸಿದ ಅಧ್ಯಯನದಲ್ಲಿ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷೆ ಮಾಡಿದ್ದಷ್ಟಕ್ಕೇ 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಶೇ. 30ರ ಹತ್ತಿರ ಇಳಿಯಿತು. ನಿಮ್ಮಂಥವರ ಕೈ ಅದು.

ತೋಟದಮನೆ ಮಗಳು
ಮೂರು ವಾರದ ನಂತರ, ಶನಿವಾರ, ರಾತ್ರಿ 8:20

ಎಲ್ಲರಿಗೂ ಹೇಗೆ ಹೇಳಲಿ ಗೊತ್ತಾಗ್ತಿಲ್ಲ. ದಿನಾ ಸಂಜೆ ದೀಪ ಹಚ್ಚಿದ ಮೇಲೆ ಇಲ್ಲಿನ ಒಂದೊಂದು ಬರಹ ಅಮ್ಮಂಗೆ ಓದಿ ಹೇಳ್ದೆ. ಇ.ಆರ್. ಪಾಸಿಟಿವ್ ಅಂದರೆ ಏನು ಅಂತ ಈಗ ಅವಳೇ ಪಕ್ಕದ ಮನೆಯವರಿಗೆ ವಿವರಿಸ್ತಾಳೆ. ಗಂಜಿ ನೀರು ಬಿಟ್ಟಳು. ಹುರುಳಿ ಬಟ್ಟಲು ಶುರುವಾಗಿದೆ, ರೊಟ್ಟಿ ಮೇಲೆ ಅರ್ಧ ಚಮಚ ತುಪ್ಪವೂ ಇದೆ. ಸೊಂಟ 98 ಇತ್ತು, ಈಗ 97. ತೂಕ ಒಂದು ಕಿಲೋ ಇಳಿದಿದೆ. ಮೂಳೆ ಸ್ಕ್ಯಾನಿಗೆ ಮುಂದಿನ ತಿಂಗಳು ಬರೋಕೆ ಹೇಳಿದ್ದಾರೆ. ತೋಟದ ಏರಿ ಮೇಲೆ ದಿನಾ ಎರಡು ಸುತ್ತು ಬರ್ತಾಳೆ, ನಾಯಿ ಹಿಂದೆ ಹಿಂದೆ.

ಮೊನ್ನೆ ಸೋದರತ್ತೆ ಬಂದಿದ್ದರು. ನಾನು ಜಗಳಕ್ಕೆ ರೆಡಿಯಾಗಿಯೇ ಕೂತಿದ್ದೆ. ಅಮ್ಮ ನನ್ನ ಕೈಯಿಂದ ಟೇಪು ತಗೊಂಡು "ಬಾ ಇಲ್ಲಿ" ಅಂತ ಅತ್ತೆಯ ಸೊಂಟ ಅಳೆದಳು. 94. ಅತ್ತೆ ಏನೂ ಮಾತಾಡಲಿಲ್ಲ. ಹೊರಡುವಾಗ ಕೊಟ್ಟಿಗೆ ಹತ್ತಿರ ನನ್ನನ್ನ ಕರೆದು, ಬಲಗಡೆ ಏನೋ ಗಟ್ಟಿ ಸಿಗುತ್ತೆ, ಎರಡು ತಿಂಗಳಾಯ್ತು, ಯಾರಿಗೂ ಹೇಳಿಲ್ಲ ಅಂದ್ರು. ಅವರ ಮನೆ ಹೊಸನಗರ ತಾಲೂಕು. ಟೇಪಿನ ಅಕ್ಕಾ, ಎಲ್ಲಿಗೆ ಕಳಿಸಲಿ? ನಾಚಿಕೆ ಜಾಸ್ತಿ ಅವರಿಗೆ.

ಟೇಪು ಹಿಡಿದವಳು
ಶನಿವಾರ, ರಾತ್ರಿ 8:34

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಪಿ.ಎಚ್.ಸಿ.ಗೆ ಕರ್ಕೊಂಡು ಬಾ, ನಾನು ಬಾಗಿಲಲ್ಲೇ ಇರ್ತೀನಿ. ನೋಡೋದು ಸಿಸ್ಟರು, ಹೆಂಗಸು. ಒಳಗಿನ ಕೋಣೆ, ಚಿಲಕ ಇದೆ, ಕಿಟಕಿಗೆ ಪರದೆ ಹಾಕ್ಸಿದ್ದೀವಿ. ಶಿವಮೊಗ್ಗಕ್ಕೆ ಬರೆದುಕೊಡಬೇಕಾದ್ರೆ ಅವತ್ತೇ ಬರೆಸ್ತೀನಿ. ಆಧಾರ್ ಕಾರ್ಡು, ರೇಷನ್ ಕಾರ್ಡು ತರೋಕೆ ಹೇಳು. ಮುಂದೆ ಗುಂಡಿ ಇರೋ ರವಿಕೆ ಹಾಕ್ಕೊಂಡು ಬರಲಿ.